ಗಡಿಯಾರ ನೋಡಿ ಬರೆದಿಟ್ಟವರು

ಕೆಲವು ವರ್ಷಗಳಿಂದ ನಾನು ಬಿಡದೆ ಓದುತ್ತಾ ಬಂದಿರುವ ದಾಖಲೆಯೊಂದಿದೆ. ಇಸ್ರೇಲಿನ ಹೆಂಗಸರ ಗುಂಪೊಂದು, ಇಸ್ರೇಲ್ ಸೈನ್ಯದ ಹಿಡಿತದಲ್ಲಿರುವ ಪ್ಯಾಲೆಸ್ತೀನಿ ಪ್ರದೇಶವಾದ ವೆಸ್ಟ್ ಬ್ಯಾಂಕಿನ ಮಿಲಿಟರಿ ಚೆಕ್‌ಪೋಸ್ಟುಗಳಲ್ಲಿ ನಿಂತು, ಕಂಡದ್ದನ್ನು ಬರೆದು, ಯಾರು ಬೇಕಾದರೂ ಓದಲಿ ಎಂದು ಅಂತರ್ಜಾಲದಲ್ಲಿ ಹಾಕುತ್ತದೆ. ಗುಂಪಿನ ಹೆಸರು ಮಖ್ಸೋಮ್ ವಾಚ್. ಪ್ರತಿ ವರದಿಯ ತಲೆಯಲ್ಲಿ ದಿನಾಂಕ, ಜಾಗ, ಬೆಳಗಿನ ಪಾಳಿಯೋ ಮಧ್ಯಾಹ್ನದ್ದೋ ಎಂಬ ವಿವರ. ಅದರ ಕೆಳಗೆ ಗಂಟೆ, ನಿಮಿಷ. ನಾವು ಬಂದಾಗ ಎಷ್ಟು ಕಿಟಕಿ ತೆರೆದಿದ್ದವು, ಸಾಲು ಎಲ್ಲಿಯವರೆಗೆ ಬೆಳೆದಿತ್ತು, ಯಾವ ಹೊತ್ತಿಗೆ ಯಾರನ್ನು ಪಕ್ಕಕ್ಕೆ ನಿಲ್ಲಿಸಿದರು, ಎಷ್ಟು ಹೊತ್ತಿಗೆ ಬಿಟ್ಟರು. ಬಹುಪಾಲು ವರದಿಗಳಲ್ಲಿ ಗುಂಡು ಹಾರುವುದಿಲ್ಲ, ಯಾರೂ ಸಾಯುವುದಿಲ್ಲ. ಶಾಲೆಗೆ ತಡವಾದ ಮೇಷ್ಟ್ರು, ಬಿಸಿಲಲ್ಲಿ ನಿಂತ ತರಕಾರಿ ಲಾರಿ, ಪರೀಕ್ಷೆಗೆ ಹೊರಟ ವಿದ್ಯಾರ್ಥಿ, ಆಸ್ಪತ್ರೆಯ ಚೀಟಿ ಹಿಡಿದು ಕಾಯುವ ಮುದುಕಿ, ಇಂಥವರೇ ಬಂದು ಹೋಗುತ್ತಾರೆ. ಯಾವ ಪತ್ರಿಕೆಯೂ ಒಳಪುಟದಲ್ಲೂ ಹಾಕದಂಥ ದಿನಗಳು. ಅಂಥ ಸಾವಿರಾರು ದಿನಗಳು ಅಲ್ಲಿ ಬರಹದಲ್ಲಿ ಉಳಿದಿವೆ.

ಓದುವಾಗೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಇದರಿಂದ ಏನಾಯಿತು? ಈ ಹೆಂಗಸರು ನಿಲ್ಲಲು ಶುರುಮಾಡಿ ಎರಡು ದಶಕ ಕಳೆದವು. ಚೆಕ್‌ಪೋಸ್ಟುಗಳು ಹೋಗಲಿಲ್ಲ. ಕೆಲವನ್ನು ತೆಗೆದರು, ಅವುಗಳ ಬದಲಿಗೆ ಬೇರೆ ಬಂದವು, ಇನ್ನು ಕೆಲವು ಕಾಂಕ್ರೀಟು ಹಾಕಿಸಿಕೊಂಡು ಕಾಯಂ ಆದವು. ಹಾಗಿದ್ದರೂ ಎಪ್ಪತ್ತು ದಾಟಿದ ಹೆಂಗಸರು ನಸುಕಿನಲ್ಲೆದ್ದು, ತಮ್ಮದೇ ಖರ್ಚಿನಲ್ಲಿ ಕಾರು ಹಾಕಿಕೊಂಡು ಹೋಗಿ, ಮುಳ್ಳುತಂತಿಯ ಪಕ್ಕ ನಿಂತು ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆಂದರೆ, ಅದನ್ನು ಬರೀ ಹಠ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಏನಾಯಿತು ಎಂಬ ಪ್ರಶ್ನೆಯನ್ನೇ ನಾವು ಸರಿಯಾಗಿ ಕೇಳುತ್ತಿದ್ದೇವೆಯೇ ಎಂದು ಯೋಚಿಸಬೇಕೆನ್ನಿಸಿತು.

ಇದು ಶುರುವಾದದ್ದು 2001ರ ಆರಂಭದಲ್ಲಿ. ಎರಡನೆಯ ಇಂತಿಫಾದಾ, ಅಂದರೆ ಇಸ್ರೇಲಿನ ವಿರುದ್ಧ ಪ್ಯಾಲೆಸ್ತೀನಿಯರ ದಂಗೆ, ಹೊತ್ತಿಕೊಂಡು ಕೆಲವೇ ತಿಂಗಳಾಗಿತ್ತು. ರೋನಿ ಯೇಗರ್, ಯೆಹೂದಿತ್ ಕೇಶೆತ್, ಆದಿ ಕುಂಟ್ಸ್‌ಮನ್ ಎಂಬ ಮೂವರು ಹೆಂಗಸರು ಚೆಕ್‌ಪೋಸ್ಟುಗಳಲ್ಲಿ ನಡೆಯುತ್ತಿದೆ ಎಂದು ಕೇಳಿದ್ದನ್ನು ಕಣ್ಣಾರೆ ನೋಡಲು ಹೋದರು. ಹೋದವರು ಮರುವಾರವೂ ಹೋದರು. ಕೆಲವೇ ವರ್ಷಗಳಲ್ಲಿ ನೂರಾರು ಜನ ಸೇರಿದರು, ದಿನಕ್ಕೆರಡು ಪಾಳಿಯಂತೆ ಹಂಚಿಕೊಂಡರು. ಎಲ್ಲರೂ ಇಸ್ರೇಲಿ ಹೆಂಗಸರೇ. ಗಂಡಸರನ್ನು ಸೇರಿಸದಿದ್ದುದು ಯೋಚಿಸಿಯೇ ಮಾಡಿದ ತೀರ್ಮಾನ. ಅಲ್ಲಿನ ಗಂಡಸರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ಸಮವಸ್ತ್ರ ತೊಟ್ಟವರು. ಸೈನಿಕರ ಎದುರು ನಿಂತರೆ ಮಾತು ಬೇಗ ಬಿಸಿಯಾಗುತ್ತದೆ. ಅಜ್ಜಿಯ ವಯಸ್ಸಿನ ಹೆಂಗಸು ನಿಂತು ನೋಡುತ್ತಿದ್ದರೆ ಹತ್ತೊಂಬತ್ತರ ಹುಡುಗನಿಗೆ ಕೈಯೆತ್ತುವುದು ಅಷ್ಟು ಸುಲಭವಲ್ಲ. ನಿವೃತ್ತ ಶಿಕ್ಷಕಿಯರು, ಪ್ರಾಧ್ಯಾಪಕಿಯರು, ದಾದಿಯರು ಈ ಗುಂಪಿನಲ್ಲಿ ಬಹಳ. ಇವರ ಕೈಯಲ್ಲಿ ಅಧಿಕಾರವೇನೂ ಇರಲಿಲ್ಲ. ಎಷ್ಟೋ ಕಡೆ, ಈ ಗೆರೆ ದಾಟಿ ಮುಂದೆ ಬರಬೇಡಿ ಎಂದು ಅಧಿಕಾರಿಗಳು ಇವರನ್ನು ದೂರ ನಿಲ್ಲಿಸುತ್ತಿದ್ದರು. ಒಂದು ಪುಸ್ತಕ, ಒಂದು ಪೆನ್ನು, ಸೈನ್ಯದ ಸಹಾಯವಾಣಿಯ ನಂಬರು, ಪರಿಚಯದ ಅಧಿಕಾರಿಗಳ ನಂಬರು, ಇಷ್ಟೇ ಬಂಡವಾಳ.

ನಮ್ಮಲ್ಲಿ ಈ ಸುದ್ದಿ ಓದುವವರಲ್ಲಿ ಎಷ್ಟೋ ಜನ ಚೆಕ್‌ಪೋಸ್ಟ್ ಎಂದರೆ ಗಡಿಯಲ್ಲಿರುವುದು ಎಂದುಕೊಂಡಿರುತ್ತಾರೆ. ಎರಡು ದೇಶಗಳ ನಡುವೆ ತಪಾಸಣೆ ಇದ್ದರೆ ತಪ್ಪೇನು ಎಂದು ನನ್ನನ್ನೇ ಕೇಳಿದವರಿದ್ದಾರೆ. ಆದರೆ ಈ ಹೆಂಗಸರು ಹೋಗಿ ನಿಂತ ಜಾಗಗಳ ಪಟ್ಟಿ ನೋಡಿ. ನಾಬ್ಲುಸ್ ಎಂಬ ಪ್ಯಾಲೆಸ್ತೀನಿ ನಗರದ ದಕ್ಷಿಣಕ್ಕೆ ಹುವ್ವಾರಾ, ಪಶ್ಚಿಮಕ್ಕೆ ಬೇತ್ ಈಬಾ. ಒಂದು ಪ್ಯಾಲೆಸ್ತೀನಿ ಊರಿನಿಂದ ಇನ್ನೊಂದು ಪ್ಯಾಲೆಸ್ತೀನಿ ಊರಿಗೆ ಹೋಗುವ ದಾರಿಯವು. ಬೆತ್ಲೆಹೆಮಿನ ಆಚೆ, ದಕ್ಷಿಣದ ಊರುಗಳನ್ನು ಉತ್ತರಕ್ಕೆ ಜೋಡಿಸುವ ಕಡಿದಾದ ರಸ್ತೆಯಲ್ಲಿ ಕಂಟೇನರ್ ಎಂಬ ಹೆಸರಿನದೊಂದು. ಉಡುಪಿಯವನು ಮಣಿಪಾಲದ ಆಸ್ಪತ್ರೆಗೆ ಹೋಗಬೇಕಾದರೆ ಇಂದ್ರಾಳಿಯಲ್ಲಿ ಬಸ್ಸಿಳಿದು, ಕಬ್ಬಿಣದ ತಿರುಗಣೆಯೊಳಗೆ ನುಗ್ಗಿ, ಚೀಟಿ ತೋರಿಸಿ, ಆಚೆ ಬದಿಯಲ್ಲಿ ಬೇರೆ ಬಸ್ಸು ಹಿಡಿಯಬೇಕು ಎಂದು ಊಹಿಸಿಕೊಂಡರೆ ನಾಬ್ಲುಸಿನವರ ಆ ವರ್ಷಗಳು ಸ್ವಲ್ಪ ಅರ್ಥವಾಗಬಹುದು. ಹದಿನಾರರಿಂದ ಮೂವತ್ತೈದರ ಒಳಗಿನ ಗಂಡಸರಿಗೆ ಊರು ಬಿಟ್ಟು ಹೊರಡಲು ಅನುಮತಿಯೇ ಇಲ್ಲದ ಕಾಲವೂ ಅಲ್ಲಿ ಇತ್ತು. ಅಂದರೆ ಓದುವ, ದುಡಿಯುವ, ಮದುವೆಯಾಗುವ ವಯಸ್ಸಿನ ಎಲ್ಲರಿಗೂ.

ಇನ್ನೊಂದು ಬದಿಯನ್ನೂ ಹೇಳಲೇಬೇಕು. ಆ ವರ್ಷಗಳಲ್ಲಿ ಇಸ್ರೇಲಿನ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಆತ್ಮಹತ್ಯಾ ಬಾಂಬುಗಳು ಸಿಡಿಯುತ್ತಿದ್ದವು. ಆ ಇಂತಿಫಾದಾದಲ್ಲಿ ಸುಮಾರು ಸಾವಿರ ಇಸ್ರೇಲಿಗಳು ಸತ್ತರು, ಪ್ಯಾಲೆಸ್ತೀನಿಯರು ಮೂರು ಸಾವಿರಕ್ಕೂ ಹೆಚ್ಚು. 2004ರ ಮಾರ್ಚಿನಲ್ಲಿ ಇದೇ ಹುವ್ವಾರಾದಲ್ಲಿ ಸ್ಫೋಟಕದ ಬೆಲ್ಟು ಕಟ್ಟಿಕೊಂಡಿದ್ದ ಹದಿಹರೆಯದ ಹುಡುಗನೊಬ್ಬ ಸಿಕ್ಕಿಬಿದ್ದ. ಸೈನಿಕರು ದೂರದಲ್ಲಿ ಬಂದೂಕು ಗುರಿಯಿಟ್ಟು ನಿಂತಿದ್ದರೆ ಅವನು ಆ ಬೆಲ್ಟನ್ನು ಬಿಚ್ಚುವ ದೃಶ್ಯವನ್ನು ಜಗತ್ತೇ ನೋಡಿತು. ಚೆಕ್‌ಪೋಸ್ಟಿನಲ್ಲಿ ನಿಂತ ಸೈನಿಕನ ಭಯ ಸುಳ್ಳಲ್ಲ. ಆದರೆ ಆ ಭಯವನ್ನು ಮುಂದಿಟ್ಟುಕೊಂಡು ಹಳ್ಳಿಹಳ್ಳಿಯ ನಡುವೆ ಎಷ್ಟು ವರ್ಷ ಬೇಲಿ ಹಾಕಬಹುದು, ಇಡೀ ಒಂದು ಪೀಳಿಗೆಯ ಬೆಳಗುಗಳನ್ನು ಎಷ್ಟು ಕಿತ್ತುಕೊಳ್ಳಬಹುದು ಎಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ದಿನದಿನದ ಲೆಕ್ಕ ಬೇಕು. ಸೈನ್ಯ ಆ ಲೆಕ್ಕವನ್ನು ಊರಿಗೆ ತೋರಿಸುತ್ತಿರಲಿಲ್ಲ.

ಪಿಟೀಲು

2004ರ ನವೆಂಬರ್ 9ರಂದು ಬೇತ್ ಈಬಾದಲ್ಲಿ ನಿಂತಿದ್ದ ಮಖ್ಸೋಮ್ ವಾಚ್‌ನ ಹೆಂಗಸೊಬ್ಬರ ಕೈಯಲ್ಲಿ ವಿಡಿಯೊ ಕ್ಯಾಮೆರಾ ಇತ್ತು. ಪಿಟೀಲಿನ ಪೆಟ್ಟಿಗೆ ಹಿಡಿದುಕೊಂಡು ಬಂದ ಪ್ಯಾಲೆಸ್ತೀನಿ ಯುವಕನೊಬ್ಬ ಸೈನಿಕರ ಎದುರು, ಹಿಂದೆ ಜನ ಸಾಲುಗಟ್ಟಿ ನಿಂತಿರುವಾಗಲೇ, ಅದನ್ನು ಹೊರತೆಗೆದು ನುಡಿಸಿದ. ನುಡಿಸು ಎಂದು ಸೈನಿಕರೇ ಹೇಳಿದರೋ, ಪೆಟ್ಟಿಗೆ ತೆರೆಯಲಷ್ಟೇ ಹೇಳಿದರೋ ಎಂಬ ಬಗ್ಗೆ ಸೈನ್ಯ ಹೇಳಿದ್ದೂ ಆತ ಹೇಳಿದ್ದೂ ಹೊಂದಲಿಲ್ಲ. ಆದರೆ ಆ ಕೆಲವು ಸೆಕೆಂಡುಗಳ ಚಿತ್ರ ಆ ತಿಂಗಳ ಕೊನೆಯಲ್ಲಿ ಪತ್ರಿಕೆಗೆ ಬಂದಾಗ ಇಡೀ ಇಸ್ರೇಲ್ ಅಲ್ಲಾಡಿತು. ನಾಜಿ ಶಿಬಿರಗಳಲ್ಲಿ ಯಹೂದಿ ಸಂಗೀತಗಾರರನ್ನು ನಿಲ್ಲಿಸಿ ನುಡಿಸಿದ ನೆನಪು ಆ ಸಮಾಜದ ಮೈಯೊಳಗೇ ಇದೆ. ಬೇರೆ ಯಾವುದಕ್ಕೂ ಮಿಡಿಯದವರು ಕೂಡ ಆ ಒಂದು ಚಿತ್ರಕ್ಕೆ ನಾಚಿದರು.

ಈ ಘಟನೆ ನನ್ನನ್ನು ಬಹಳ ಕಾಲ ಹಿಡಿದಿಟ್ಟಿತು. ಯಾಕೆಂದರೆ ಅದೇ ವರ್ಷಗಳಲ್ಲಿ ಚೆಕ್‌ಪೋಸ್ಟುಗಳಲ್ಲಿ ಇದಕ್ಕಿಂತ ಘೋರವಾದದ್ದು ನಡೆಯುತ್ತಿತ್ತು. ಪ್ಯಾಲೆಸ್ತೀನಿ ಆರೋಗ್ಯ ಇಲಾಖೆ ವಿಶ್ವಸಂಸ್ಥೆಗೆ ಕೊಟ್ಟ ಲೆಕ್ಕದ ಪ್ರಕಾರ 2000ದಿಂದಾಚೆಗಿನ ಆರೇಳು ವರ್ಷಗಳಲ್ಲಿ ಅರುವತ್ತಕ್ಕೂ ಹೆಚ್ಚು ಹೆಂಗಸರು ಚೆಕ್‌ಪೋಸ್ಟಿನಲ್ಲೇ ಹೆತ್ತರು, ಮೂವತ್ತಕ್ಕೂ ಹೆಚ್ಚು ಶಿಶುಗಳು ಉಳಿಯಲಿಲ್ಲ. ಆಸ್ಪತ್ರೆಯ ದಾರಿಯಲ್ಲಿ, ರಸ್ತೆ ಬದಿಯ ಮಣ್ಣಿನಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ. ಆ ಶಿಶುಗಳಿಗಾಗಿ ದೇಶ ಅಲ್ಲಾಡಲಿಲ್ಲ. ಪಿಟೀಲಿಗೆ ಅಲ್ಲಾಡಿತು. ಮನುಷ್ಯರು ತಮ್ಮ ಗಾಯವನ್ನು ಇನ್ನೊಬ್ಬರ ಮೈಮೇಲೆ ಕಂಡಾಗಷ್ಟೇ ಅದನ್ನು ಗಾಯವೆಂದು ಒಪ್ಪುತ್ತಾರೇನೋ. ಇದನ್ನು ನಾನು ಇಸ್ರೇಲಿಗಳನ್ನು ಬೈಯಲು ಹೇಳುತ್ತಿಲ್ಲ, ಯಾವ ಸಮಾಜವನ್ನು ನೋಡಿದರೂ ನನಗೆ ಇದೇ ಕಾಣುತ್ತದೆ. ಆದರೆ ಅಂದು ಕ್ಯಾಮೆರಾ ಹಿಡಿದು ಅಲ್ಲಿ ನಿಂತ ಹೆಂಗಸಿಗೆ ಆ ದೃಶ್ಯ ಕಂಡದ್ದು ಅವರು ಅದನ್ನು ಹುಡುಕಿಕೊಂಡು ಹೋದದ್ದರಿಂದಲ್ಲ. ವಾರವಾರವೂ ಏನೂ ನಡೆಯದ ಪಾಳಿಗಳಲ್ಲಿ ನಿಂತಿದ್ದರಿಂದ, ನಡೆದ ದಿನವೂ ಅಲ್ಲಿದ್ದರು. ಸುದ್ದಿಗಾರರು ಸುದ್ದಿಯಾದ ಮೇಲೆ ಬರುತ್ತಾರೆ. ಇವರು ಅದಕ್ಕೂ ಮುಂಚೆಯೇ ಬಂದು ನಿಂತಿದ್ದರು.

ಬಸ್ಸಿನಲ್ಲಿ ಉಳಿದವರು, ಇಳಿದವರು

ನನ್ನ ದೊಡ್ಡಮ್ಮನ ಮಗಳು ಜೆರುಸಲೇಮಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಮಂಗಳೂರು, ಉಡುಪಿ ಕಡೆಯಿಂದ ಈ ಕೆಲಸಕ್ಕೆ ಹೋದವರು ಇಸ್ರೇಲಿನಲ್ಲಿ ಬಹಳ ಮಂದಿ ಇದ್ದಾರೆ, ನಮ್ಮ ಚರ್ಚಿನ ಒಂದೊಂದು ವಾರ್ಡಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅಮ್ಮನಿಗೆ ಯೇಸು ಹುಟ್ಟಿದ ಜಾಗ ನೋಡುವ ಆಸೆ ಬಹಳ ಕಾಲದ್ದು. ಕೊರೋನಾಕ್ಕೆ ಮುಂಚಿನ ಒಂದು ಚಳಿಗಾಲದಲ್ಲಿ ಅಕ್ಕನ ಧೈರ್ಯದ ಮೇಲೆ ನಾವಿಬ್ಬರೂ ಹೋದೆವು. ಅಕ್ಕನಿಗೆ ರಜೆ ಶನಿವಾರ ಮಾತ್ರ. ಶನಿವಾರ ಯಹೂದಿಗಳ ಬಸ್ಸು ಓಡುವುದಿಲ್ಲ, ದಮಾಸ್ಕಸ್ ಬಾಗಿಲಿನ ಹತ್ತಿರದಿಂದ ಹೊರಡುವ ಅರಬ್ ಬಸ್ಸುಗಳು ಓಡುತ್ತವೆ. ಹಾಗೆ ನಾವು 231ನೇ ನಂಬರಿನ ಬಸ್ಸು ಹತ್ತಿ ಬೆತ್ಲೆಹೆಮಿಗೆ ಹೋದೆವು. ಹೋಗುವಾಗ ಯಾರೂ ನಿಲ್ಲಿಸಲಿಲ್ಲ. ಅಮ್ಮ ಗುಹೆಯೊಳಗೆ ಇಳಿದು, ಬೆಳ್ಳಿ ನಕ್ಷತ್ರಕ್ಕೆ ಹಣೆಯಿಟ್ಟು, ಊರಿನ ಎಲ್ಲರ ಹೆಸರು ಹೇಳಿ ಪ್ರಾರ್ಥಿಸಿ ಹೊರಬಂದರು. ಸಂಜೆ ಅದೇ ಬಸ್ಸು ಹಿಡಿದು ವಾಪಸಾಗುವಾಗ ಮಳೆ ಹನಿಯುತ್ತಿತ್ತು.

ಸುರಂಗದ ರಸ್ತೆಯ ಚೆಕ್‌ಪೋಸ್ಟ್ ಹತ್ತಿರ ಬಸ್ಸು ಬದಿಗೆ ನಿಂತಿತು. ಯಾರೂ ಏನೂ ಹೇಳಲಿಲ್ಲ, ಆದರೆ ನಮ್ಮ ಸುತ್ತಲಿದ್ದವರು ಎದ್ದರು. ಎದುರಿನ ಸೀಟಿನ ಹುಡುಗಿ ಚಿತ್ರ ಬರೆಯುವ ದೊಡ್ಡ ಫೈಲನ್ನು ಕೋಟಿನೊಳಗೆ ತೂರಿಸಿಕೊಂಡು ಇಳಿದಳು. ಅವಳ ಹಿಂದೆ ಕಾಲೇಜು ಹುಡುಗರು, ಅಂಗಡಿ ಕೆಲಸದವರಂತೆ ಕಂಡ ಕೆಲವರು. ವಯಸ್ಸಾದ ನಾಲ್ಕೈದು ಜನ ಮತ್ತು ನಮ್ಮಂಥ ವಿದೇಶಿಗಳು ಒಳಗೇ ಉಳಿದೆವು. "ನಾವೂ ಇಳಿಯಬೇಕಾ?" ಎಂದು ಅಮ್ಮ ಕೇಳಿದರು. "ಬೇಡ ಮಾವ್ಶಿ, ಕೂತ್ಕೊಳ್ಳಿ. ಪಾಸ್‌ಪೋರ್ಟ್ ಕೈಯಲ್ಲಿರಲಿ ಸಾಕು" ಎಂದಳು ಅಕ್ಕ. ಇಳಿದವರು ಹೊರಗೆ ಸಾಲಾಗಿ ನಿಂತರು. ಸಾಲು ಮಾಡಿ ಎಂದು ಅವರಿಗೆ ಯಾರೂ ಹೇಳಬೇಕಾಗಿ ಬರಲಿಲ್ಲ. ಬಂದೂಕು ತೂಗಿಸಿಕೊಂಡ ಒಬ್ಬ ಹುಡುಗ, ಒಬ್ಬಳು ಹುಡುಗಿ ಒಳಗೆ ಬಂದರು. ನಮ್ಮ ಪಾಸ್‌ಪೋರ್ಟಿನ ರಟ್ಟು ನೋಡಿ, ಅಮ್ಮನಿಗೆ ಥ್ಯಾಂಕ್ಸ್ ಹೇಳಿ ಮುಂದೆ ಹೋದರು. ಅಮ್ಮನೂ ಅವರಿಗೆ ನಕ್ಕರು. ಹೊರಗೆ ಒಬ್ಬ ಹುಡುಗನ ಗುರುತಿನ ಚೀಟಿ ಹಿಡಿದುಕೊಂಡು ಸೈನಿಕ ಫೋನಿನಲ್ಲಿ ಮಾತಾಡುತ್ತಿದ್ದ. ಸಾಲಿನಲ್ಲಿದ್ದವರೆಲ್ಲ ಆ ಒಂದು ಫೋನಿಗಾಗಿ ಕಾದರು. ಮಳೆ ಜೋರಾಯಿತು. ಕಡೆಗೆ ಎಲ್ಲರೂ ಒದ್ದೆಯಾಗಿ ಹತ್ತಿದರು, ಆ ಹುಡುಗನೂ. ಚಿತ್ರದ ಫೈಲಿನ ಹುಡುಗಿ ಕೋಟಿನಿಂದ ಅದನ್ನು ಹೊರತೆಗೆದು ಮೂಲೆಗಳನ್ನು ಒರೆಸಿ, ಮೊಬೈಲ್ ನೋಡುತ್ತಾ ಕುಳಿತಳು. ಯಾರೂ ಸಿಟ್ಟಿನ ಒಂದು ಮಾತಾಡಲಿಲ್ಲ. ಅಕ್ಕ ನನ್ನ ಕಿವಿಯಲ್ಲಿ, "ಇವತ್ತು ಬೇಗ ಬಿಟ್ಟರು" ಎಂದಳು.

ಆ ರಾತ್ರಿ ಅಕ್ಕ ನೋಡಿಕೊಳ್ಳುವ ಅಜ್ಜಿಯ ಮನೆಗೆ ಅವರ ಗೆಳತಿಯೊಬ್ಬರು ಬಂದಿದ್ದರು. ಚಹಾ ಕುಡಿಯುತ್ತಾ ಅಕ್ಕ ಹೀಬ್ರೂನಲ್ಲಿ ದಿನದ ಕತೆ ಹೇಳಿದಳು. ಬಸ್ಸಿನ ಮಾತು ಬಂದ ಕೂಡಲೇ ಆ ಹೆಂಗಸು ಕಪ್ಪು ಕೆಳಗಿಟ್ಟು ಏನೋ ಕೇಳಿದರು. ಅಕ್ಕ ಕೊಂಕಣಿಗೆ ತಿರುಗಿಸಿ ಹೇಳಿದಳು: ಎಷ್ಟು ಹೊತ್ತಿಗೆ ನಿಲ್ಲಿಸಿದರು, ಎಷ್ಟು ಹೊತ್ತಿಗೆ ಬಿಟ್ಟರು ಅಂತ ಕೇಳ್ತಾ ಇದ್ದಾರೆ. ಅವರು ಬೆಳಗಿನ ಪಾಳಿಗಳಲ್ಲಿ ಚೆಕ್‌ಪೋಸ್ಟಿಗೆ ಹೋಗಿ ನಿಲ್ಲುವವರಲ್ಲಿ ಒಬ್ಬರೆಂದು ನನಗೆ ಗೊತ್ತಾದದ್ದು ಆಗ. ನನ್ನ ಕುತೂಹಲ ತಡೆಯದೆ, ಹೋಗಿ ನಿಲ್ಲುವುದರಿಂದ ಏನಾದರೂ ಬದಲಾಯಿತೇ ಎಂದು ಅಕ್ಕನ ಮೂಲಕ ಕೇಳಿದೆ. ಬಹಳ ಹೊತ್ತು ಅವರು ಉತ್ತರ ಕೊಡಲಿಲ್ಲ. ಆಮೇಲೆ ತಮ್ಮ ಮೊಮ್ಮಗನ ಬಗ್ಗೆ ಹೇಳಿದರು. ಅವನೂ ಸೈನ್ಯದಲ್ಲಿದ್ದಾಗ ಅಲ್ಲೆಲ್ಲೋ ನಿಂತಿದ್ದವನು. ಮನೆಗೆ ಬಂದಾಗ ಊಟ ಮಾಡಿ ಮಲಗಿಬಿಡುತ್ತಿದ್ದ, ಒಂದು ಮಾತೂ ಹೇಳುತ್ತಿರಲಿಲ್ಲ. ನಮ್ಮ ದೇಶದಲ್ಲಿ ಪ್ರತಿ ಮನೆಯಲ್ಲೂ ಹೀಗೆ ಬಂದು ಮಲಗುವವರಿದ್ದಾರೆ, ಹಾಗಾಗಿ ನಾನು ಹೋಗಿ ನೋಡಬೇಕಾಯಿತು ಎಂದರು. ಅಷ್ಟೇ. ಅಮ್ಮನಿಗೆ ಒಂದು ಡಬ್ಬಿ ಖರ್ಜೂರ ಕೊಟ್ಟು ಹೊರಟರು.

ಊರಿಗೆ ಬಂದ ಮೇಲೆ ನಾನು ಆ ವರದಿಗಳನ್ನು ಓದಲು ಶುರುಮಾಡಿದೆ. ಅವರ ಉತ್ತರದಲ್ಲಿ ಪ್ಯಾಲೆಸ್ತೀನಿಯರನ್ನು ಉದ್ಧಾರ ಮಾಡುವ ಮಾತು ಇರಲಿಲ್ಲ ಎಂಬುದು ನನಗೆ ನಿಧಾನಕ್ಕೆ ಹೊಳೆಯಿತು. ತನ್ನ ಮನೆಯ ಹುಡುಗನನ್ನು, ತನ್ನ ತೆರಿಗೆಯ ದುಡ್ಡನ್ನು, ತನ್ನ ಹೆಸರನ್ನು ಯಾವ ಕೆಲಸಕ್ಕೆ ಬಳಸುತ್ತಿದ್ದಾರೆ ಎಂದು ನೋಡಿ ಬರುವ ಹಕ್ಕನ್ನು ಆಕೆ ಚಲಾಯಿಸುತ್ತಿದ್ದರು.

ಸಹಾಯವೋ, ಸಾಕ್ಷಿಯೋ

ಈ ಗುಂಪಿನೊಳಗೇ ಶುರುವಿನಿಂದ ಒಂದು ಜಗಳವಿದೆ, ಮತ್ತು ಅದು ಪೊಳ್ಳು ಜಗಳವಲ್ಲ. ಒಬ್ಬ ರೋಗಿಯನ್ನು ತಡೆದಾಗ ಸಹಾಯವಾಣಿಗೆ ಫೋನು ಮಾಡಿ, ಅಧಿಕಾರಿಯನ್ನು ಕಾಡಿ ಬೇಡಿ ಅವನನ್ನು ದಾಟಿಸಬೇಕೇ? ದಾಟಿಸಿದರೆ ಒಬ್ಬನ ಜೀವ ಉಳಿಯಬಹುದು. ಆದರೆ ಹಾಗೆ ಮಾಡುತ್ತಾ ಮಾಡುತ್ತಾ ಈ ಹೆಂಗಸರೇ ಆ ವ್ಯವಸ್ಥೆಯ ದೂರು ವಿಭಾಗವಾಗಿಬಿಡುವ ಅಪಾಯವಿದೆ. ಇನ್ನೊಂದು ಕಿಟಕಿ ತೆರೆಯಿರಿ, ನೆರಳಿಗೆ ಚಪ್ಪರ ಹಾಕಿರಿ, ಕುಡಿಯುವ ನೀರಿಡಿ ಎಂದು ಕೇಳುತ್ತಾ ಹೋದರೆ ಚೆಕ್‌ಪೋಸ್ಟು ಚೆನ್ನಾಗುತ್ತದೆ, ಚೆನ್ನಾದದ್ದು ಉಳಿದುಕೊಳ್ಳುತ್ತದೆ. ಹಾಗೆಯೇ ಆಯಿತು ಕೂಡ. ರಮಲ್ಲಾದಿಂದ ಜೆರುಸಲೇಮಿಗೆ ಹೋಗುವ ದಾರಿಯ ಕಲಂದಿಯಾದಲ್ಲಿ ಮರಳಿನ ಚೀಲ, ಕಾಂಕ್ರೀಟಿನ ದಿಮ್ಮಿ ಇದ್ದ ಕಡೆ ಮೊದಲು ತಿರುಗಣೆ, ಗಾಜಿನ ಕಿಟಕಿಗಳ ಟರ್ಮಿನಲ್ ಬಂತು. 2019ರಲ್ಲಿ ಮುಖ ಗುರುತಿಸುವ ಯಂತ್ರಗಳ ಹೊಸ ಸಾಲುಗಳು ಬಂದವು. ಕಾಯುವ ಹೊತ್ತು ನಿಜಕ್ಕೂ ಇಳಿಯಿತು. ಆದರೆ ಯಾರು ದಾಟಬಹುದು, ಯಾರು ದಾಟಬಾರದು ಎಂಬ ತೀರ್ಮಾನ ಮೊದಲು ಎಲ್ಲಿತ್ತೋ ಅಲ್ಲೇ ಇದೆ. ಇಸ್ರೇಲಿಗೆ ಹೋಗುವ ಪರ್ಮಿಟ್ ಇಲ್ಲದವನು ಎಷ್ಟು ವೇಗದ ಯಂತ್ರದ ಮುಂದೆ ನಿಂತರೂ ಈಚೆಯೇ ಉಳಿಯುತ್ತಾನೆ. ಯಂತ್ರದ ಎದುರು ಅಜ್ಜಿಯೊಬ್ಬಳು ನಿಂತು ದಿಟ್ಟಿಸಿದರೆ ಅದಕ್ಕೆ ಸಂಕೋಚವೂ ಆಗುವುದಿಲ್ಲ.

ಹಾಗಂತ ಸಹಾಯ ಮಾಡಬಾರದಿತ್ತು ಎನ್ನಲು ನನ್ನ ಬಾಯಿ ಬರುವುದಿಲ್ಲ. ಶಿನ್ ಬೆತ್ ತಡೆಹಿಡಿದವರು ಎಂಬ ಒಂದು ಪಟ್ಟಿಯಿದೆ. ಇಸ್ರೇಲಿನ ಈ ಗುಪ್ತಚರ ಸಂಸ್ಥೆ ಭದ್ರತೆಯ ಕಾರಣಕ್ಕೆ ಪರ್ಮಿಟ್ ಕೊಡಬೇಡಿ ಎಂದು ಗುರುತು ಹಾಕಿದ ಸಾವಿರಾರು ಜನ ಅದರಲ್ಲಿದ್ದಾರೆ. ಕಾರಣವೇನೆಂದು ಅವರಿಗೆ ಹೇಳುವುದಿಲ್ಲ. ಹದಿನೈದು ವರ್ಷ ಒಂದೇ ಮೇಸ್ತ್ರಿಯ ಹತ್ತಿರ ಗಾರೆ ಕೆಲಸ ಮಾಡಿದವನಿಗೆ ಒಂದು ಬೆಳಿಗ್ಗೆ ಕಿಟಕಿಯಲ್ಲಿ ಇಲ್ಲ ಎನ್ನುತ್ತಾರೆ, ಮುಗಿಯಿತು. ಮಖ್ಸೋಮ್ ವಾಚ್‌ನ ಒಂದು ತಂಡ ಇಂಥವರ ಪರವಾಗಿ ಅರ್ಜಿ ಬರೆದು, ಉತ್ತರ ಬಾರದಿದ್ದರೆ ಮತ್ತೆ ಬರೆದು, ಅದಕ್ಕೂ ಬಗ್ಗದಿದ್ದರೆ ಕೋರ್ಟಿನ ಮೆಟ್ಟಿಲು ಹತ್ತಿಸಿತು. ಕೋರ್ಟಿನವರೆಗೆ ಹೋದಾಗ ಎಷ್ಟೋ ಜನರ ಹೆಸರನ್ನು ವಿಚಾರಣೆಗೂ ಮೊದಲೇ ಪಟ್ಟಿಯಿಂದ ತೆಗೆದರು. ನಿನ್ನೆಯವರೆಗೆ ದೇಶಕ್ಕೆ ಅಪಾಯವಾಗಿದ್ದವನು ಒಂದು ಅರ್ಜಿಯ ಕಾಗದಕ್ಕೆ ಹೇಗೆ ನಿರಪಾಯಕಾರಿಯಾದ? ಈ ಪ್ರಶ್ನೆ ಎತ್ತಲು ಬೇಕಾದ ಪುರಾವೆ ಆ ತಂಡದ ಕಡತಗಳಲ್ಲಿ ಸಿಕ್ಕಿತು. ಒಬ್ಬೊಬ್ಬರಿಗೆ ಮಾಡಿದ ಸಹಾಯವನ್ನು ಬರೆದಿಟ್ಟದ್ದರಿಂದಲೇ ಇಡೀ ಪಟ್ಟಿಯ ಸ್ವಭಾವ ಹೊರಬಿತ್ತು. ಸಹಾಯ ಬೇರೆ, ಸಾಕ್ಷಿ ಬೇರೆ ಎಂದು ಗೆರೆ ಎಳೆಯುವುದು ದೂರ ಕುಳಿತು ಓದುವ ನನಗೆ ಸುಲಭ. ಅಲ್ಲಿ ನಿಂತವರಿಗೆ ಎರಡೂ ಒಂದೇ ಪುಸ್ತಕದಲ್ಲಿದ್ದವು.

ನನಗೆ ಇರುಸುಮುರುಸಾಗುವುದು ಬೇರೊಂದು ಕಡೆ. ಬೇತ್ ಈಬಾದಲ್ಲಿ ಏನಾಗುತ್ತದೆ ಎಂದು ನಾಬ್ಲುಸಿನ ಪ್ರತಿ ವಿದ್ಯಾರ್ಥಿಗೂ ಗೊತ್ತಿತ್ತು. ಬೆತ್ಲೆಹೆಮಿನ 300 ಎಂಬ ನಂಬರಿನ ಚೆಕ್‌ಪೋಸ್ಟಿನಲ್ಲಿ ರಾತ್ರಿ ಮೂರಕ್ಕೇ ಬಂದು ಕಂಬಿಗಳ ನಡುವಿನ ಓಣಿಯಲ್ಲಿ ಒತ್ತಿಕೊಂಡು ನಿಲ್ಲುತ್ತಿದ್ದ ಕೂಲಿಗಳಿಗೆ ತಮ್ಮ ಪಕ್ಕೆಲುಬಿನ ನೋವು ಇನ್ನೊಬ್ಬರು ಹೇಳಿ ತಿಳಿಯಬೇಕಾಗಿರಲಿಲ್ಲ. ಅವರು ಹೇಳುತ್ತಲೇ ಇದ್ದರು. ಆದರೆ ಅವರು ಹೇಳಿದಾಗ ಅದು ಆರೋಪ, ಇಸ್ರೇಲಿ ಹೆಂಗಸು ಹೇಳಿದಾಗ ಅದು ವರದಿ. 2002ರಿಂದ ಚರ್ಚುಗಳ ವಿಶ್ವ ಮಂಡಳಿ ಬೇರೆ ಬೇರೆ ದೇಶಗಳಿಂದ ಮೂರು ಮೂರು ತಿಂಗಳಿಗೆ ಸ್ವಯಂಸೇವಕರನ್ನು ಕಳಿಸುತ್ತಾ ಬಂತು. ಅವರೂ ನಸುಕಿನಲ್ಲಿ ಅದೇ 300ರ ಬಳಿ ನಿಂತು, ಕೈಯಲ್ಲಿ ಎಣಿಸುವ ಯಂತ್ರ ಹಿಡಿದು, ಗಂಟೆಗೆ ಎಷ್ಟು ಜನ ದಾಟಿದರು ಎಂದು ಲೆಕ್ಕ ಹಾಕುತ್ತಿದ್ದರು. ಅವರ ಮಾತಿಗೂ ಬೆಲೆ ಸಿಕ್ಕಿತು. ನೋವುಂಡವನ ಮಾತಿಗೆ ನೋಡಿದವನ ರುಜು ಬೇಕಾಗುವ ಈ ಪರಿಸ್ಥಿತಿಯನ್ನು ಸಹಜವೆಂದು ಒಪ್ಪಿಕೊಳ್ಳಬಾರದು. ಮಖ್ಸೋಮ್ ವಾಚ್‌ನ ಹಳಬರಲ್ಲಿ ಹಲವರಿಗೆ ಇದರ ಅರಿವಿತ್ತು ಎಂಬುದು ಅವರ ಬರಹಗಳಲ್ಲೇ ಕಾಣುತ್ತದೆ.

ಪ್ಯಾಲೆಸ್ತೀನಿಯರು ತಮ್ಮ ಕಾವಲನ್ನು ತಾವೇ ಕಟ್ಟಿಕೊಂಡಿದ್ದಾರೆ ಕೂಡ. ಫೇಸ್‌ಬುಕ್‌ನಲ್ಲಿ, ಟೆಲಿಗ್ರಾಂನಲ್ಲಿ ರಸ್ತೆಗಳ ಸ್ಥಿತಿ ಹೇಳುವ ದೊಡ್ಡ ದೊಡ್ಡ ಗುಂಪುಗಳಿವೆ, ಅಜ್ಮೆ ಎಂಬ ಆ್ಯಪ್ ಕೂಡ ಇದೇ ಕೆಲಸಕ್ಕೆ ಹುಟ್ಟಿದ್ದು. ಹಂಚಿಕೊಂಡು ಓಡುವ ಹಳದಿ ಸರ್ವೀಸ್ ಟ್ಯಾಕ್ಸಿಗಳ ಚಾಲಕರು, ಕೆಲಸಕ್ಕೆ ಹೋಗುವ ದಾದಿಯರು, ವಿದ್ಯಾರ್ಥಿಗಳು ನಿಮಿಷನಿಮಿಷಕ್ಕೆ ಬರೆಯುತ್ತಾರೆ: ಇಂಥ ಗೇಟು ಸಲೀಸು, ಇಂಥ ಕಡೆ ಸಾಲು, ಇಂಥದ್ದು ಮುಚ್ಚಿದೆ, ಇಂಥ ತಿರುವಿನಲ್ಲಿ ಈಗಷ್ಟೇ ಜೀಪು ಅಡ್ಡ ನಿಲ್ಲಿಸಿದ್ದಾರೆ. ಬೆಳಿಗ್ಗೆ ಮಗುವನ್ನು ಶಾಲೆಗೆ ಹೊರಡಿಸುವ ತಾಯಿ ಹವಾಮಾನ ನೋಡುವ ಮೊದಲು ಅದನ್ನು ನೋಡುತ್ತಾಳೆ. ಇದು ಬದುಕು ಸಾಗಿಸಲು ಮಾಡುವ ಗಸ್ತು. ಇಸ್ರೇಲಿ ಹೆಂಗಸರದ್ದು ತಮ್ಮ ಸರಕಾರಕ್ಕೆ ಲೆಕ್ಕ ಕೇಳುವ ಗಸ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮೊದಲನೆಯದನ್ನು ಬಿಟ್ಟರೆ ಕೆಲಸಕ್ಕೆ ತಲುಪಲಾಗುವುದಿಲ್ಲ. ಎರಡನೆಯದನ್ನು ಬಿಟ್ಟರೆ, ಅಲ್ಲಿ ಏನು ನಡೆಯುತ್ತಿತ್ತೋ ನಮಗೆ ಗೊತ್ತಿರಲಿಲ್ಲ ಎಂದು ಒಂದು ಇಡೀ ದೇಶ ಮುಂದೆ ಹೇಳಬಹುದು. ಆ ಮಾತಿಗೆ ಈಗ ಜಾಗವಿಲ್ಲ. ದಿನಾಂಕ ಸಮೇತ, ಹೀಬ್ರೂನಲ್ಲೇ ಬರೆದು ಕಣ್ಣೆದುರು ಇಟ್ಟಿದ್ದಾರೆ. ಏನಾಯಿತು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಸದ್ಯಕ್ಕೆ ಇದೇ.

ಸೈನಿಕನಿಲ್ಲದ ಗೇಟು

2002ರಲ್ಲಿ ಇಸ್ರೇಲ್ ಕಟ್ಟಲು ಶುರುಮಾಡಿದ ತಡೆಗೋಡೆಯ ಯೋಜಿತ ಉದ್ದ ಸುಮಾರು 700 ಕಿಲೋಮೀಟರ್, ಅದರಲ್ಲಿ ಶೇಕಡಾ 85ರಷ್ಟು ಹಾದುಹೋಗುವುದು ಗಡಿಯ ಮೇಲಲ್ಲ, ವೆಸ್ಟ್ ಬ್ಯಾಂಕಿನ ಒಳಗೆ. 2004ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಇದು ಕಾನೂನಿಗೆ ವಿರುದ್ಧ ಎಂದಿತು, ಗೋಡೆ ಮುಂದುವರಿಯಿತು. ಹಲವು ಹಳ್ಳಿಗಳ ಮನೆಗಳು ಈಚೆ, ಆಲಿವ್ ತೋಟಗಳು ಆಚೆ. ನಡುವೆ ಕೃಷಿ ಗೇಟುಗಳು. ಕೆಲವು ದಿನಕ್ಕೆ ಒಂದೆರಡು ಬಾರಿ ಸ್ವಲ್ಪ ಹೊತ್ತು ತೆರೆಯುತ್ತಿದ್ದವು, ಹೆಚ್ಚಿನವು ಆಲಿವ್ ಕೊಯ್ಲಿನ ಕೆಲವು ವಾರ ಮಾತ್ರ. ಸ್ವಂತ ಮರದ ಹತ್ತಿರ ಹೋಗಲು ರೈತನಿಗೆ ಪರ್ಮಿಟ್. ಮಖ್ಸೋಮ್ ವಾಚ್‌ನವರು ವರ್ಷಗಟ್ಟಲೆ ಈ ಗೇಟುಗಳ ಮುಂದೆಯೂ ನಿಂತರು. ಕೀಲಿ ಹಿಡಿದ ಜೀಪು ಎಷ್ಟು ಹೊತ್ತಿಗೆ ಬರಬೇಕಿತ್ತು, ಎಷ್ಟು ಹೊತ್ತಿಗೆ ಬಂತು, ಟ್ರ್ಯಾಕ್ಟರ್ ಬಿಟ್ಟರೇ ಇಲ್ಲವೇ ಎಂದು ಬರೆದರು. ಕೃಷಿಕರ ಮನೆಯಿಂದ ಬಂದ ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸಿದ ವರದಿಗಳು ಇವೇ. ಮರಕ್ಕೆ ಗೇಟಿನ ವೇಳಾಪಟ್ಟಿ ತಿಳಿಯದು. ಸವರದ ಕೊಂಬೆ, ಉಳದ ನೆಲ, ಕೊಯ್ಯದ ಕಾಯಿ ಒಂದು ವರ್ಷ ಹಾಗೇ ಬಿಟ್ಟರೆ ಅದರ ಫಲ ಮುಂದಿನ ವರ್ಷವೂ ಉಣ್ಣಬೇಕಾಗುತ್ತದೆ.

2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನಲ್ಲಿ ನಡೆಸಿದ ಹತ್ಯಾಕಾಂಡದ ನಂತರ ಆ ಗೇಟುಗಳಲ್ಲಿ ಹೆಚ್ಚಿನವು ಮುಚ್ಚಿದವು. ಇಸ್ರೇಲಿನಲ್ಲಿ ಮತ್ತು ವೆಸ್ಟ್ ಬ್ಯಾಂಕಿನೊಳಗೆ ಇಸ್ರೇಲಿಗಳು ಕಟ್ಟಿಕೊಂಡ ವಸಾಹತುಗಳಲ್ಲಿ ದುಡಿಯುತ್ತಿದ್ದ ಸುಮಾರು ಒಂದೂವರೆ ಲಕ್ಷ ಪ್ಯಾಲೆಸ್ತೀನಿಯರಲ್ಲಿ ಬಹುಪಾಲು ಜನರ ಕೆಲಸದ ಪರ್ಮಿಟ್ ನಿಂತುಹೋಯಿತು. ಹಳ್ಳಿಗಳ ಬಾಯಿಗೆ ಕಬ್ಬಿಣದ ಗೇಟುಗಳು ಬಂದವು. 2023ರ ಆರಂಭದಲ್ಲಿ ವಿಶ್ವಸಂಸ್ಥೆಯ ಮಾನವೀಯ ನೆರವಿನ ಕಚೇರಿ ವೆಸ್ಟ್ ಬ್ಯಾಂಕಿನಲ್ಲಿ 645 ಅಡೆತಡೆಗಳನ್ನು ಎಣಿಸಿತ್ತು, 2025ರ ಆರಂಭದ ಎಣಿಕೆಯಲ್ಲಿ ಅದು 849. ಈ ಗೇಟುಗಳಲ್ಲಿ ಎಷ್ಟೋ ಕಡೆ ಸೈನಿಕನೇ ಇರುವುದಿಲ್ಲ. ಒಂದು ಸರಳು, ಒಂದು ಬೀಗ. ಯಾವಾಗ ತೆರೆಯುತ್ತದೆಂದು ಕೇಳಲು ಯಾರೂ ಇಲ್ಲ, ಮಾತಿಗೆಳೆದು ಮನಸ್ಸು ಕರಗಿಸಲು ಎದುರು ಒಂದು ಮುಖವಿಲ್ಲ. ಹುವ್ವಾರಾದ ಸೈನಿಕನಿಗೆ ನಾಚಿಕೆಯಾಗಲಿ ಎಂದು ಹೋಗಿ ನಿಂತವರ ಉಪಾಯ ಬೀಗದ ಮುಂದೆ ನಡೆಯುವುದಿಲ್ಲ. ಇಸ್ರೇಲಿ ಸ್ವಯಂಸೇವಕರಲ್ಲಿ ಹಲವರು ಈಗ ಜೋರ್ಡಾನ್ ಕಣಿವೆಯ ಪ್ಯಾಲೆಸ್ತೀನಿ ಕುರಿಗಾಹಿಗಳ ಜತೆ ಮೇಯಿಸಲು ಹೋಗುತ್ತಾರೆ, ವಸಾಹತಿನವರು ಬಂದು ಹೊಡೆಯುವಾಗ ಕನಿಷ್ಠ ಒಂದು ಕ್ಯಾಮೆರಾ ಇರಲಿ ಎಂದು. ಈ ಕೆಲಸದಲ್ಲಿ ಪೆಟ್ಟು ತಿಂದವರೂ ಇದ್ದಾರೆ. ಗುಂಪಿನ ಹಳಬರಿಗೆ ವಯಸ್ಸಾಗಿದೆ, ಪಾಳಿಗಳು ತೆಳ್ಳಗಾಗಿವೆ. ಆದರೂ ವರದಿಗಳು ಬರುತ್ತಿವೆ.

ಇಲ್ಲಿಗೆ ಬಂದಾಗ ಇದು ನಮ್ಮ ಮಾತೂ ಆಗುತ್ತದೆ. ಭಾರತದಿಂದ 42,000 ಕಾರ್ಮಿಕರನ್ನು, ಅದರಲ್ಲಿ 34,000 ಜನರನ್ನು ಕಟ್ಟಡ ಕೆಲಸಕ್ಕೇ, ಇಸ್ರೇಲಿಗೆ ಕಳಿಸುವ ಒಪ್ಪಂದ 2023ರ ಮೇ ತಿಂಗಳಲ್ಲಿ, ಯುದ್ಧಕ್ಕೆ ಮುಂಚೆಯೇ ಆಗಿತ್ತು. ಆದರೆ ರೋಹ್ಟಕ್, ಲಕ್ನೋಗಳಲ್ಲಿ ಆಯ್ಕೆಗೆ ಜನ ಸಾಲುಗಟ್ಟಿದ್ದು 2024ರ ಜನವರಿಯಲ್ಲಿ, ಪ್ಯಾಲೆಸ್ತೀನಿ ಕೂಲಿಗಳ ಪರ್ಮಿಟ್ ನಿಂತ ಮೇಲೆ. ಏಪ್ರಿಲ್‌ನಿಂದ ವಿಮಾನಗಳು ಹೊರಟವು. ಅಕ್ಕ ಫೋನಿನಲ್ಲಿ ಹೇಳುತ್ತಾಳೆ, ಅವಳ ರಸ್ತೆಯ ಕೊನೆಯಲ್ಲಿ ಏಳುತ್ತಿರುವ ಕಟ್ಟಡದ ಮೇಲಿಂದ ಈಗ ಹಿಂದಿ ಕೇಳಿಸುತ್ತದಂತೆ. ಹೋದವರನ್ನು ನಾನು ದೂರುವುದಿಲ್ಲ. ಇಲ್ಲಿ ತಿಂಗಳಿಗೆ ಸಿಗದ ಸಂಬಳಕ್ಕಾಗಿ ಬಾಂಬಿನ ಸೈರನ್ನಿನ ನಡುವೆ ಕೆಲಸ ಮಾಡಲು ಹೊರಟವನ ಮನೆಯ ಕಷ್ಟ ನನಗೆ ಅಪರಿಚಿತವಲ್ಲ. ನನ್ನ ಅಕ್ಕ ಹೋದದ್ದೂ ಮನೆ ಸಾಲ ತೀರಿಸಲಿಕ್ಕೇ. ಆದರೆ ಹೀಗೆ ಹೋಗಿ ಬಂದವರನ್ನು ನಮ್ಮ ಪತ್ರಿಕೆಗಳು, ಚಾನೆಲ್‌ಗಳು ಮಾತಾಡಿಸುವಾಗ ಕೇಳುವುದು ಎರಡೇ: ಸಂಬಳ ಎಷ್ಟು, ಸೈರನ್ ಮೊಳಗಿದಾಗ ಎಲ್ಲಿ ಅಡಗಿದಿರಿ. ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು. ಅದೇ ಸಾರವೆಯ ಮೇಲೆ ನಿಮಗಿಂತ ಮೊದಲು ಯಾರು ನಿಂತು ಗಾರೆ ಹಾಕುತ್ತಿದ್ದರು, ಅವರೀಗ ಎಲ್ಲಿದ್ದಾರೆ, ಆ ಬಗ್ಗೆ ಅಲ್ಲಿ ಯಾರಾದರೂ ಮಾತಾಡುತ್ತಾರೆಯೇ? ಮಂಗಳೂರು, ಉಡುಪಿಯಲ್ಲಿ ಇದಕ್ಕೆ ಉತ್ತರ ಹೇಳಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಮುಂದಿನ ಸಲ ಅಕ್ಕ ರಜೆಗೆ ಬಂದಾಗ ನಾನು ಅವಳಿಂದಲೇ ಶುರುಮಾಡುತ್ತೇನೆ, ಅವಳು ಒಪ್ಪಿದರೆ ಇಲ್ಲೇ ಬರೆಯುತ್ತೇನೆ.